ಮೂರು ದಿನ ಅಂದಮೇಲೆ ಮೂರು ದಿನವೂ ಅವರದೇ

ನೀವು ಕೇಳಿದ್ದು ಎರಡು. ಆನ್‌ಲೈನ್ ಚೆಸ್‌ನಲ್ಲಿ, ಒಂದೊಂದು ನಡೆಗೆ ಮೂರು ದಿನ ಸಿಗುವ ಆಟದಲ್ಲಿ, ಎದುರಾಳಿ ಪ್ರತಿ ಸಲ ಕೊನೇ ಗಂಟೆಗೆ ಆಡುತ್ತಾರೆ, ಇದು ಸರಿಯಾ? ಎಂಟು ಜನರ ನಮ್ಮ ಟೂರ್ನಿಗೆ ಎಷ್ಟು ಸಮಯ ಇಡೋಣ?

ಮೊದಲನೆಯದಕ್ಕೆ ನನ್ನ ಉತ್ತರ: ಸರಿ. ಒಪ್ಪಿ ಕೂತಮೇಲೆ ಆ ಮೂರು ದಿನ ಅವರದು. ಯೋಚಿಸುತ್ತಿದ್ದಾರೋ ನಿದ್ದೆ ಹೊಡೆಯುತ್ತಿದ್ದಾರೋ, ನಾವು ಕೇಳುವ ಹಾಗಿಲ್ಲ. ಆದರೂ ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಒಂಟೆಯಲ್ಲಿ ಸಿ6 ಮನೆಯ ಕುದುರೆ ಹೊಡೆದಿರಿ. ವಾಪಸ್ ಹೊಡೆಯೋದು ಡಿ ಸಾಲಿನ ಕಾಲಾಳೋ ಬಿ ಸಾಲಿನ ಕಾಲಾಳೋ, ಅಷ್ಟೇ ಪ್ರಶ್ನೆ. ಅದಕ್ಕೂ 71 ಗಂಟೆ!

ತೊಂದರೆ ಇರೋದು ಎದುರಾಳಿಯಲ್ಲಿ ಅಲ್ಲ, ಲೆಕ್ಕ ಇಡುವ ರೀತಿಯಲ್ಲಿ. ನಾವು ಆಡುವ ಲಿಚೆಸ್, ಚೆಸ್.ಕಾಮ್ ಎರಡೂ ತಾಣಗಳಲ್ಲಿ ಪ್ರತಿ ನಡೆಗೆ ಇಷ್ಟು ದಿನ ಅಂತ ಇರುತ್ತದೆ. ಆಡಿದ ಮೇಲೆ ಗಡಿಯಾರ ಹೊಸದಾಗಿ ಶುರು. ಬೇಗ ಆಡಿದವರಿಗೆ ಒಂದು ನಿಮಿಷವೂ ಉಳಿತಾಯ ಇಲ್ಲ. ನಾನೇ ಒಮ್ಮೆ ಮೂವತ್ತು ನಡೆಗಳಲ್ಲಿ ಪ್ರತಿಯೊಂದನ್ನೂ ಸರದಿ ಬಂದ ದಿನವೇ ಆಡಿ ಮುಗಿಸಿದ್ದೆ. ಆನೆ, ಕಾಲಾಳುಗಳಷ್ಟೇ ಉಳಿದ ಕೊನೇ ಹಂತ, ನನಗೆ ಒಂದು ಕಾಲಾಳು ಜಾಸ್ತಿ. ನೆಟ್ ಸಿಗದ ಕಡೆ ನಾಲ್ಕು ದಿನ ಸಿಕ್ಕಿಹಾಕಿಕೊಂಡೆ, ಟೈಮ್ ಮೇಲೆ ಸೋತೆ. ಅಲ್ಲಿವರೆಗೆ ಉಳಿಸಿದ ತಿಂಗಳುಗಟ್ಟಲೆ ಸಮಯ ಯಾವ ಲೆಕ್ಕಕ್ಕೂ ಬರಲಿಲ್ಲ.

ಅಂತರರಾಷ್ಟ್ರೀಯ ಪತ್ರ ಚೆಸ್ ಸಂಸ್ಥೆ ಐಸಿಸಿಎಫ್ ಬಹಳ ಕಾಲ ಬಳಸಿದ ಪದ್ಧತಿ ಬೇರೆ: 10 ನಡೆಗೆ 50 ದಿನ, ಉಳಿದದ್ದು ಮುಂದಕ್ಕೆ ಸೇರುತ್ತದೆ. ಓಪನಿಂಗ್‌ನ, ಅಂದರೆ ಆಟದ ಶುರುವಿನ, ಹತ್ತು ನಡೆ ಒಂದು ವಾರದಲ್ಲಿ ಮುಗಿಸಿದರೆ 43 ದಿನ ಕೈಯಲ್ಲಿ. ನಿಜವಾಗಿ ತಲೆ ಕೆಡುವ ಜಾಗದಲ್ಲಿ ಖರ್ಚು ಮಾಡಬಹುದು. ಒಂದೇ ನಡೆ ಮೇಲೆ 20 ದಿನ ದಾಟಿ ಕೂತರೆ ಆಮೇಲಿನ ದಿನಗಳು ಡಬಲ್ ಆಗಿ ಕಳೆಯುತ್ತವೆ. ನನಗೆ ಇಷ್ಟವಾದ ನಿಯಮ ಇದು. ಸೋತ ಆಟವನ್ನು ಸುಮ್ನೆ ಎಳೆಯುವವರಿಗೆ ಅಷ್ಟರ ಮಟ್ಟಿಗಾದರೂ ಬಿಸಿ ತಾಗುತ್ತದೆ. ಆದರೆ ಒಂದು ನೆನಪಿಡಿ, ಅಲ್ಲಿ ಎಂಜಿನ್, ಅಂದರೆ ನಡೆ ಹುಡುಕಿಕೊಡುವ ಕಂಪ್ಯೂಟರ್ ಪ್ರೋಗ್ರಾಂ, ಬಳಸಲು ಅನುಮತಿ ಇದೆ, ಅಷ್ಟು ದಿನ ಬೇಕಾಗೋದು ವಿಶ್ಲೇಷಣೆಗೆ. ನಾವು ಆಡುವ ತಾಣಗಳಲ್ಲಿ ಎಂಜಿನ್ ನಿಷೇಧ. ಓಪನಿಂಗ್ ಪುಸ್ತಕ ನೋಡಬಹುದು, ಅಷ್ಟೇ.

ಈಗ ಟೂರ್ನಿ. ಯಾರೋ ನಡೆಗೆ 14 ದಿನ ಇಡಿ ಅಂದಿದ್ದರು, ದಯವಿಟ್ಟು ಬೇಡ. 40 ನಡೆಯ ಆಟದಲ್ಲಿ ಇಬ್ಬರೂ ಪೂರ್ತಿ ಎಳೆದರೆ 1,120 ದಿನ, ಮೂರು ವರ್ಷಕ್ಕೂ ಜಾಸ್ತಿ. ಮೂರು ದಿನಕ್ಕೆ ಅದೇ ಲೆಕ್ಕ 240 ದಿನ. ಒಂದು ದಿನ ಇಟ್ಟರೆ ಕೆಲಸಕ್ಕೆ ಹೋಗುವವರು ಒಂದು ಜ್ವರ ಬಂದರೂ ಸೋಲುತ್ತಾರೆ.

ಹಾಗಾಗಿ ಮೂರು ದಿನವೇ ಇರಲಿ, ಆದರೆ ಒಬ್ಬೊಬ್ಬರಿಗೂ ಬರುವ ಏಳು ಆಟಗಳನ್ನು ಒಟ್ಟಿಗೆ ಶುರು ಮಾಡಬೇಡಿ. ಮೊದಲು ನಾಲ್ಕು, ಅವು ಮುಗಿಯುತ್ತಾ ಬಂದ ಹಾಗೆ ಮಿಕ್ಕ ಮೂರು. ನಿಧಾನ ಆಡುವವರಲ್ಲಿ ನಾನು ಕಂಡಂತೆ ಅರ್ಧಕ್ಕರ್ಧ ಜನ ಯೋಚನೆ ಮಾಡುವವರಲ್ಲ, ಹೊರಲಾರದಷ್ಟು ಆಟ ಮೈಮೇಲೆ ಹಾಕಿಕೊಂಡವರು. ರಜೆ ಬಗ್ಗೆಯೂ ಮೊದಲೇ ಮಾತಾಡಿ. ತಾಣದಲ್ಲಿ ರಜೆ ಸೌಲಭ್ಯ ಇದ್ದರೆ ಎಷ್ಟು ದಿನ ಬಳಸಬಹುದು ಅಂತ ಬರೆದಿಡಿ. ಇಲ್ಲದಿದ್ದರೆ, ಮುಂಚೆ ತಿಳಿಸಿ ಹೋದವರು ಟೈಮ್ ಮೇಲೆ ಸೋತಾಗ ಅದೇ ಸ್ಥಿತಿಯಿಂದ ಆಟ ಮುಂದುವರಿಸುವುದು ಅಂತ ಎಂಟೂ ಜನ ಒಪ್ಪಿಕೊಳ್ಳಿ. ತಿಳಿಸದೆ ಹೋದರೆ ಸೋಲು ಸೋಲೇ.

ನಿಮ್ಮ ಈಗಿನ ಆಟಕ್ಕೆ ಒಂದು ಉಪಾಯ. ‘ಅವರು ಹೀಗೆ ಆಡಿದರೆ ನಾನು ಹೀಗೆ’ ಅಂತ ಮೊದಲೇ ಹಾಕಿಡುವ ಸೌಲಭ್ಯ ಇದೆಯಲ್ಲ, ಅದನ್ನು ಬಳಸಿ. ಅಂಚೆ ಕಾರ್ಡಿನ ಕಾಲದಲ್ಲೂ ಹೀಗೆ ಬರೆದು ಕಳಿಸುತ್ತಿದ್ದರು. ಡಿ ಕಾಲಾಳಿನಲ್ಲಿ ಹೊಡೆದರೆ ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು), ಬಿ ಕಾಲಾಳಿನಲ್ಲಿ ಹೊಡೆದರೂ ಕ್ಯಾಸ್ಲಿಂಗ್, ಎರಡೂ ಹಾಕಿ ಫೋನ್ ಪಕ್ಕಕ್ಕಿಡಿ. ಅವರ 71 ಗಂಟೆ ಕಮ್ಮಿಯಾಗದು. ಗಂಟೆಗೊಮ್ಮೆ ತೆಗೆದು ನೋಡುವ ನಿಮ್ಮ ಚಟ ಕಮ್ಮಿಯಾಗಬಹುದು.