ಮೂರನೇ ಹಂತದ ಅಂಡಾಶಯದ ಕ್ಯಾನ್ಸರ್‌ಗೆ ಮುಂದಿನ ವಾರ ಕೀಮೋ ಶುರು. ಅನುಭವ ಇರುವವರು ಹೇಗಿರುತ್ತೆ ಅಂತ ಹೇಳ್ತೀರಾ?

ನಿಮ್ಮ ಹಾಗೆ ನನಗೂ ಮೂರನೇ ಹಂತ ಅಂದಿದ್ದರು. ಚಿಕಿತ್ಸೆ ಮುಗಿದಿದೆ, ಈಗ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗ್ತೀನಿ.

ನನಗೆ ಶುರುವಾಗಿದ್ದು ಹೊಟ್ಟೆ ಉಬ್ಬರ. ನಾಲ್ಕು ತುತ್ತಿಗೇ ಸಾಕನ್ನಿಸೋದು, ಪದೇ ಪದೇ ಮೂತ್ರಕ್ಕೆ ಅವಸರ. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟರು. ಪ್ಯಾಪ್ ಸ್ಮಿಯರ್ ನಾರ್ಮಲ್ ಇತ್ತು, ಆದರೆ ಅದರಲ್ಲಿ ಗೊತ್ತಾಗೋದು ಗರ್ಭಕಂಠದ ವಿಷಯ ಮಾತ್ರ. ಕೊನೆಗೆ ಸ್ಕ್ಯಾನ್ ಮಾಡಿದಾಗ ಹೊಟ್ಟೆಯಲ್ಲಿ ನೀರು ತುಂಬಿತ್ತು. ಸಣ್ಣ ಸಣ್ಣ ತೊಂದರೆಗಳ ಹಿಂದೆ ಅಡಗಿ ಕೂರೋ ಕಾಯಿಲೆ ಇದು. ಅದಕ್ಕೇ ಚಿಕಿತ್ಸೆಯಲ್ಲೂ ಸಣ್ಣದು ಅಂತ ಏನನ್ನೂ ನುಂಗಿಕೊಳ್ಳಬೇಡಿ.

ನನಗೆ ಮೊದಲು ಕೀಮೋ, ನಡುವೆ ಆಪರೇಷನ್, ಆಮೇಲೆ ಮತ್ತೆ ಕೀಮೋ. ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟಾಕ್ಸೆಲ್ ಅನ್ನೋ ಎರಡು ಕೀಮೋ ಔಷಧಿ, ಮೂರು ವಾರಕ್ಕೊಮ್ಮೆ. ಡ್ರಿಪ್ ಹಾಕೋ ದಿನ ಅಷ್ಟು ಕಷ್ಟ ಆಗಲಿಲ್ಲ. ಅಲರ್ಜಿ ಆಗದಿರಲಿ ಅಂತ ಕೊಡೋ ಸ್ಟೀರಾಯ್ಡ್‌ನಿಂದ ಆ ರಾತ್ರಿ ನಿದ್ದೆ ಮಾತ್ರ ಹತ್ತುತ್ತಿರಲಿಲ್ಲ. ಎರಡು ಮೂರು ದಿನ ಬಿಟ್ಟು ಮೈಕೈ ನೋವು, ಎದ್ದು ಕೂರೋಕೂ ಆಗದ ಸುಸ್ತು. ಕೂದಲು ಹೋಯಿತು, ಹುಬ್ಬೂ ಹೋಯಿತು, ಎರಡೂ ಬಂದವು.

ಬೆರಳಿನ ಜೋಮಿನ ಬಗ್ಗೆ ಮಾತ್ರ ಎಚ್ಚರ. ಅಂಗಿಯ ಗುಂಡಿ ಬೆರಳಲ್ಲಿದೆಯೋ ಜಾರಿತೋ, ಕಣ್ಣಿಟ್ಟು ನೋಡದೆ ನನಗೆ ತಿಳಿಯುತ್ತಿರಲಿಲ್ಲ. ಹೇಳಿದ ತಕ್ಷಣ ಡೋಸ್ ಇಳಿಸಿದರು. ಹೇಳದೆ ಬಿಟ್ಟರೆ ಅದು ಕಾಯಂ ಆಗಿ ಉಳಿಯಬಹುದು. ಹಾಗೇ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಬಿಳಿ ರಕ್ತಕಣ ಇಳಿದಿರೋ ಹೊತ್ತಲ್ಲಿ ಸೋಂಕು ಬೇಗ ಏರುತ್ತೆ.

ಈ ಕ್ಯಾನ್ಸರ್ ಮೇಲೆ ಕಣ್ಣಿಡೋಕೆ ಮಾಡೋ ರಕ್ತಪರೀಕ್ಷೆ ಸಿಎ-125, ಅದು ಸಾಮಾನ್ಯವಾಗಿ 35ರೊಳಗಿರಬೇಕು ಅಂತಾರೆ. ಪ್ರತಿ ರಿಪೋರ್ಟಿಗೂ ಎದೆ ಹೊಡೆದುಕೊಳ್ಳುತ್ತೆ, ಗೊತ್ತು. ಒಂದು ಸಲದ ಅಂಕಿಗಿಂತ ಅದು ಇಳೀತಾ ಇದೆಯಾ ಅನ್ನೋದೇ ಮುಖ್ಯ.

ಬಿಆರ್‌ಸಿಎ ಜೀನ್ ಪರೀಕ್ಷೆ (ವಂಶದಲ್ಲಿ ಬರೋ ಕ್ಯಾನ್ಸರ್ ಅಪಾಯ ನೋಡೋದು) ಮಾಡ್ತಾರಾ ಅಂತ ಈಗಲೇ ಕೇಳಿ. ನನ್ನದು ಪಾಸಿಟಿವ್ ಬಂತು. ಅದರಿಂದಲೇ ಕೀಮೋ ಆದಮೇಲೆ ಕ್ಯಾನ್ಸರ್ ಮತ್ತೆ ಬರೋದನ್ನ ತಡೆಯೋಕೆ ಕೊಡೋ ಓಲಾಪರಿಬ್ ಮಾತ್ರೆ ಸಿಕ್ಕಿತು, ನನ್ನ ತಂಗಿಯೂ ಪರೀಕ್ಷೆ ಮಾಡಿಸಿಕೊಂಡಳು. ಅಣ್ಣತಮ್ಮಂದಿರಿಗೂ ಹೇಳಬೇಕು, ಗಂಡಸರ ಮೂಲಕವೂ ಆ ಜೀನ್ ದೋಷ ಮಕ್ಕಳಿಗೆ ಬರಬಹುದು.

ಆಪರೇಷನ್ ಯಾರು ಮಾಡ್ತಾರೆ ಅಂತಲೂ ವಿಚಾರಿಸಿ. ಗೈನೆಕ್ ಆಂಕಾಲಜಿಸ್ಟೇ, ಅಂದರೆ ಹೆಂಗಸರ ಗರ್ಭಕೋಶ, ಅಂಡಾಶಯದ ಕ್ಯಾನ್ಸರ್ ತಜ್ಞರೇ ಆಗಿರಲಿ. ಕಣ್ಣಿಗೆ ಕಾಣೋ ಗಡ್ಡೆ ಚೂರೂ ಉಳಿಯದ ಹಾಗೆ ತೆಗೆಯೋದರ ಮೇಲೆ ಮುಂದಿನದು ಬಹಳಷ್ಟು ನಿಂತಿದೆ. ಮೊದಲ ಡ್ರಿಪ್ ಆದಮೇಲೆ ಹೇಗಿದ್ದೀರಿ ಅಂತ ಇಲ್ಲೇ ಬರೀರಿ, ನಾನು ನೋಡ್ತಿರ್ತೀನಿ.