ಹಳೇ ಪೆಟ್ರೋಲ್ ಕಾರು ನಿಂತಲ್ಲಿ ನಡುಗುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ. ಹೆಡ್ ಇಳಿಸಲೇಬೇಕಾ?

ನೀವು ಬರೆದಿದ್ದು ಇಷ್ಟು: 2006ರ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್. ಚಿತ್ರದುರ್ಗದ ಪೇಟೆಯಲ್ಲಿ ಗಾಡಿ ನಿಂತರೆ ಸ್ಟೇರಿಂಗ್, ಸೀಟು ಎಲ್ಲ ನಡುಗುತ್ತವೆ. ಹೈವೇ ಹತ್ತಿದರೆ ಏನೂ ಗೊತ್ತಾಗುವುದಿಲ್ಲ. ಪ್ಲಗ್ ಹೊಸದು ಹಾಕಿಸಿದರೂ ಹೋಗಿಲ್ಲ. ಈಗ ಮೆಕ್ಯಾನಿಕ್ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಭಾಗ, ಇಳಿಸೋಣ ಅಂತಿದ್ದಾರೆ.

ಈಗಲೇ ಇಳಿಸಬೇಡಿ. ಮಿಸ್ಸಿಂಗ್ ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದೆ ತಪ್ಪುವುದು. ಮೊದಲು ಅವರನ್ನು ಒಂದು ಮಾತು ಕೇಳಿ: ನಾಲ್ಕರಲ್ಲಿ ಕೆಲಸ ಮಾಡದೆ ಇರೋದು ಯಾವುದು? ಎರಡನೆಯದು ಅಥವಾ ಮೂರನೆಯದು ಅಂತ ಬೆರಳಿಟ್ಟು ತೋರಿಸಿದರೆ ಮುಂದಿನ ಮಾತು. 'ನೋಡ್ಬೇಕು ಸಾರ್' ಅಂದರೆ ಅವರೂ ಅಂದಾಜಲ್ಲೇ ಇದ್ದಾರೆ ಅಂತ ಅರ್ಥ.

ನಾನು ಮೆಕ್ಯಾನಿಕ್ ಅಲ್ಲ. ದಾವಣಗೆರೆಯವನು, ಹಳೇ ಕಾರು ಇಟ್ಟುಕೊಂಡು ದುಡ್ಡು ಸುರಿದು ಕಲಿತವನು. ನನ್ನ ಗಾಡಿಗೂ ಇದೇ ರೋಗ ಬಂದಿತ್ತು. ರೈಲ್ವೆ ಗೇಟ್ ಬಿದ್ದಾಗ ಅಶೋಕ ಟಾಕೀಸ್ ಹತ್ತಿರ ನಿಂತರೆ ಡ್ಯಾಶ್‌ಬೋರ್ಡ್ ಮೇಲಿನ ಗಣೇಶ ಕುಣಿಯುತ್ತಿದ್ದ. ಪ್ಲಗ್ ಬದಲಾಯಿಸಿದೆ. ಪ್ಲಗ್ ವೈರ್ ಬದಲಾಯಿಸಿದೆ. ಆಮೇಲೆ ಒಬ್ಬರು ಪೆಟ್ರೋಲ್ ಪಂಪ್ ವೀಕ್ ಅಂದರು, ಅದನ್ನೂ ಹಾಕಿಸಿದೆ. ಏಳು ಸಾವಿರದ ಮೇಲೆ ಹೋಯಿತು. ಗಣೇಶ ಕುಣಿಯುತ್ತಲೇ ಇದ್ದ.

ಕೊನೆಗೆ ಹರಿಹರದ ಕಡೆ ಒಬ್ಬ ವಯಸ್ಸಾದ ಮೇಸ್ತ್ರಿ ಸಿಕ್ಕರು. ಬಾನೆಟ್ ಎತ್ತಲೇ ಇಲ್ಲ. ಹಳೇ ಪೇಪರಿನ ಒಂದು ಚೂರು ಹರಿದು ಸೈಲೆನ್ಸರ್ ಬಾಯಿಯ ಹತ್ತಿರ ಹಿಡಿದರು. ಸರಿ ಇರುವ ಇಂಜಿನ್ ಆದರೆ ಪೇಪರ್ ಒಂದೇ ಸಮ ಹೊರಗೆ ಹಾರಾಡುತ್ತದೆ. ನನ್ನದು ಹಾರಾಡುತ್ತಾ ನಡುನಡುವೆ ಪಟ್ ಅಂತ ಪೈಪಿಗೆ ಅಂಟಿಕೊಳ್ಳುತ್ತಿತ್ತು. 'ಗ್ಯಾಸ್ ಕಿಟ್ ಇತ್ತಾ?' ಅಂತ ಕೇಳಿದರು. ಇತ್ತು, ನನಗೆ ಮಾರಿದವರು ಆರು ವರ್ಷ ಎಲ್‌ಪಿಜಿಯಲ್ಲೇ ಓಡಿಸಿದ್ದರು. 'ಹಂಗಾದ್ರೆ ಟ್ಯಾಪೆಟ್ ನೋಡಾಣ' ಅಂದರು. ನಾನು 'ಟ್ಯಾಪೆಟ್ ಶಬ್ದವೇ ಇಲ್ವಲ್ಲ' ಅಂದೆ. 'ಶಬ್ದ ಇಲ್ಲ ಅಂತಾನೇ ನೋಡಬೇಕು' ಅಂದರು.

ಆ ಮಾತು ಅರ್ಥ ಆಗೋಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಕಳಿಸುವ ಬಾಗಿಲು ವಾಲ್ವ್, ಅದನ್ನು ಒತ್ತಿ ತೆರೆಯುವುದು ಟ್ಯಾಪೆಟ್. ಎರಡರ ನಡುವೆ ಸಣ್ಣ ಗ್ಯಾಪ್ ಇರಬೇಕು. ಟ್ಯಾಪೆಟ್ ಲೂಸ್ ಇದ್ದರೆ ಟಿಕ್ ಟಿಕ್ ಅನ್ನುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಟೈಟ್ ಆದರೆ ಸುಮ್ಮನಾಗುತ್ತದೆ. ಗ್ಯಾಸಿನಲ್ಲಿ ಓಡಿದ ಗಾಡಿಯಲ್ಲಿ ವಾಲ್ವ್ ಕೂರುವ ಸೀಟು ಬೇಗ ಸವೆಯುತ್ತದೆ. ಸೀಟು ಸವೆದಷ್ಟೂ ವಾಲ್ವ್ ಒಳಗೆ ಇಳಿಯುತ್ತದೆ, ಅದರ ಹಿಂಬದಿ ಮೇಲೆ ಬಂದು ಗ್ಯಾಪ್ ತಿಂದುಹಾಕುತ್ತದೆ. ಒಂದು ದಿನ ಗ್ಯಾಪ್ ಪೂರ್ತಿ ಹೋಗಿ ವಾಲ್ವ್ ಸರಿಯಾಗಿ ಮುಚ್ಚುವುದೇ ಇಲ್ಲ. ಒತ್ತಡ ಸೋರುತ್ತದೆ, ಆ ಸಿಲಿಂಡರ್ ಮಲಗುತ್ತದೆ. ಹಾಗೇ ಓಡಿಸಿದರೆ ವಾಲ್ವ್ ಸುಟ್ಟುಹೋಗುತ್ತದೆ, ಆಗ ಹೆಡ್ ಇಳಿಸಲೇಬೇಕು. ನನ್ನದು ಸುಟ್ಟಿರಲಿಲ್ಲ, ಪುಣ್ಯ. ಗ್ಯಾಪ್ ಅಳೆಯುವ ತೆಳು ತಗಡು (ಫೀಲರ್ ಗೇಜ್) ಹಾಕಿ ಸ್ಕ್ರೂ ಅಡ್ಜಸ್ಟ್ ಮಾಡಿದರು. ಅರ್ಧ ದಿನದ ಕೆಲಸ. ಈ ಗ್ಯಾಪ್ ಹೆಚ್ಚಿನ ಗಾಡಿಗಳಲ್ಲಿ 0.2, 0.3 ಮಿ.ಮೀ. ಆಸುಪಾಸು ಇರುತ್ತದೆ, ನಿಮ್ಮ ಗಾಡಿಯದು ಎಷ್ಟು ಅಂತ ಅದರ ಪುಸ್ತಕ ನೋಡಿ. ಆಯಿಲ್ ಒತ್ತಡದಿಂದ ಗ್ಯಾಪನ್ನು ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಇಂಜಿನ್ ಆದರೆ ಈ ಅಡ್ಜಸ್ಟ್‌ಮೆಂಟೇ ಇರುವುದಿಲ್ಲ.

ಹಾಗಂತ ನಿಮ್ಮದೂ ಟ್ಯಾಪೆಟ್ಟೇ ಅಂತ ನಾನು ಹೇಳಿದರೆ ಆ ಪಂಪ್ ಹಾಕಿಸಿದವರಿಗೂ ನನಗೂ ವ್ಯತ್ಯಾಸ ಇರಲ್ಲ. ಪೇಪರ್ ಒಂದನ್ನೇ ನಂಬಿಯೂ ಕೆಲಸ ಶುರು ಮಾಡಿಸಬೇಡಿ.

ಹೈವೇಯಲ್ಲಿ ಯಾಕೆ ಗೊತ್ತಾಗುವುದಿಲ್ಲ ಅಂದರೆ, ನಿಂತಾಗ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಒಂದೊಂದು ಸಿಲಿಂಡರೂ ಎರಡು ಸುತ್ತಿಗೆ ಒಂದು ಸಲ, ಅಂದರೆ ನಿಮಿಷಕ್ಕೆ 400 ಸಲ ಉರಿಯಬೇಕು. ಒಂದು ತಪ್ಪಿಸಿಕೊಂಡರೆ ಆ ಖಾಲಿ ಜಾಗ ಕೈಗೆ, ಬೆನ್ನಿಗೆ ಹೊಡೆಯುತ್ತದೆ. ವೇಗ ಹೆಚ್ಚಾದರೆ ಫ್ಲೈವೀಲಿನ (ಇಂಜಿನ್ನಿನ ಭಾರದ ಚಕ್ರದ) ಓಟದಲ್ಲಿ ಅದು ಮುಚ್ಚಿಹೋಗುತ್ತದೆ. ಪಿಕಪ್ ಮಾತ್ರ ಕಮ್ಮಿ ಆಗಿರುತ್ತದೆ, ಭರಮಸಾಗರ ದಾಟುವಾಗ ಲಾರಿ ಓವರ್‌ಟೇಕ್ ಮಾಡಿ ನೋಡಿದರೆ ತಿಳಿಯುತ್ತದೆ. ಪಿಕಪ್ ಸರಿ ಇದೆ, ಸೈಲೆನ್ಸರ್ ಸದ್ದು ಒಂದೇ ಸಮ ಇದೆ, ನಡುಕ ಮಾತ್ರ ಇದೆ ಅಂದರೆ ಅದು ಮಿಸ್ಸಿಂಗ್ ಅಲ್ಲದೆಯೂ ಇರಬಹುದು. ಇಂಜಿನ್ ಮೌಂಟಿಂಗ್ ರಬ್ಬರ್ ಹೋಗಿದೆಯಾ ನೋಡಿಸಿ.

ಮಿಸ್ಸಿಂಗೇ ಆದರೆ, ಇಂಜಿನ್ ಬಿಸಿಯಾದ ಮೇಲೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿಸಿ. ಸರಿ ಇರುವ ಸಿಲಿಂಡರಿನದು ಬಿಚ್ಚಿದರೆ ಇಂಜಿನ್ ಇನ್ನೂ ಕುಸಿಯುತ್ತದೆ. ಯಾವ ಒಂದನ್ನು ಬಿಚ್ಚಿದಾಗ ಏನೂ ಬದಲಾಗಲ್ವೋ, ಕಳ್ಳ ಅಲ್ಲೇ ಇದ್ದಾನೆ. ಕೆಲವರು ಓಡುವ ಇಂಜಿನ್‌ನಲ್ಲೇ ಪ್ಲಗ್ ವೈರ್ ಕಿತ್ತು ನೋಡುತ್ತಾರೆ. ಬೇಡ. ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಜೊತೆಗೆ ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಇದ್ದರೆ ಪಿ0301ರಿಂದ ಪಿ0304ರ ಒಳಗೆ ಕೋಡ್ ಬಂದರೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಆದರೆ 2006ರ ಗಾಡಿ ಈಗಿನ ಅಗ್ಗದ ಸ್ಕ್ಯಾನರಿಗೆ ಉತ್ತರ ಕೊಡದೇ ಇರಬಹುದು.

ನಂಬರ್ ಸಿಕ್ಕ ಮೇಲೆ ಏನೂ ಕೊಳ್ಳಬೇಡಿ, ಅದಲು ಬದಲು ಮಾಡಿಸಿ. ಆ ಸಿಲಿಂಡರಿನ ಪ್ಲಗ್ ಪಕ್ಕದ್ದಕ್ಕೆ, ಪಕ್ಕದ್ದು ಇದಕ್ಕೆ. ರೋಗ ಜೊತೆಗೇ ಹೋಯಿತಾ? ಹೋದರೆ ಪ್ಲಗ್. ಹೋಗದಿದ್ದರೆ ವೈರ್, ಆಮೇಲೆ ಇಂಜೆಕ್ಟರ್. ಹೊಸ ಪ್ಲಗ್ ಅಂತ ಬಿಡಬೇಡಿ, ಹೊಸದರಲ್ಲೂ ಸತ್ತದ್ದು ಬರುತ್ತದೆ. ಪ್ಲಗ್ ಬಿಚ್ಚಿದಾಗ ಅದರ ಗುಂಡಿಯಲ್ಲಿ ಆಯಿಲ್ ನಿಂತಿದೆಯಾ ನೋಡಿ. ಮೇಲಿನ ಕವರ್ ಪ್ಯಾಕಿಂಗ್ ಸೋರಿ ವೈರಿನ ರಬ್ಬರ್ ನೆನೆದರೆ ಕರೆಂಟ್ ಅಡ್ಡದಾರಿ ಹಿಡಿಯುತ್ತದೆ. ರಾತ್ರಿ ಲೈಟ್ ಆರಿಸಿ ಬಾನೆಟ್ ಎತ್ತಿದರೆ ವೈರ್ ಮೇಲೆ ನೀಲಿ ಕಿಡಿ ಓಡುವುದು ಕಾಣಿಸುವುದೂ ಉಂಟು.

ಒಂದೇ ಸಿಲಿಂಡರ್ ಅಲ್ಲ, ಒಮ್ಮೆ ಇದು ಒಮ್ಮೆ ಅದು ತಪ್ಪುತ್ತಿದೆ ಅಂದರೆ ಕಥೆ ಬೇರೆ. ಆಗ ನಾಲ್ಕಕ್ಕೂ ಹಂಚಿಕೆಯಾಗುವುದನ್ನು ಹುಡುಕಬೇಕು: ಗಾಳಿ, ಪೆಟ್ರೋಲ್. ಸೀಳಿದ ವ್ಯಾಕ್ಯೂಮ್ ಪೈಪ್ ಒಂದು ಸಾಕು. ನಿಂತಾಗ ಇಂಜಿನ್ ಎಳೆಯುವ ಗಾಳಿಯೇ ಕಮ್ಮಿ, ಅದಕ್ಕೆ ಸಣ್ಣ ಸೋರಿಕೆಯೂ ದೊಡ್ಡದಾಗುತ್ತದೆ. ಕಿವಿಗೊಟ್ಟರೆ ಸುಂಯ್ ಅನ್ನುತ್ತದೆ. ಆರ್‌ಪಿಎಂ ಏರಿಳಿದು ತೂಗಾಡುತ್ತಿದ್ದರೆ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ, ನಮ್ಮ ಕಡೆ ಧೂಳಿಗೆ ಬರವಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲ್‌ನ ಎಥನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿ ಆದರೆ ಟ್ಯಾಂಕನ್ನೂ ಹಳೇ ಪೆಟ್ರೋಲ್ ಪೈಪನ್ನೂ ಒಮ್ಮೆ ನೋಡಿಸಿ.

ಇಷ್ಟೆಲ್ಲ ಸರಿ ಇದ್ದು ಅದೇ ಸಿಲಿಂಡರ್ ಸುಮ್ಮನಿದ್ದರೆ ಟ್ಯಾಪೆಟ್ ಗ್ಯಾಪ್ ನೋಡಿಸಿ, ಆಮೇಲೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್. ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಒಂದು ತೀರಾ ಕಮ್ಮಿ ಬಂದರೆ ಆ ಪ್ಲಗ್ ತೂತಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಪ್ಯಾಕಿಂಗ್) ಮೇಲೆ ಅನುಮಾನ. ಆಗ ಮೆಕ್ಯಾನಿಕ್ ಹೆಡ್ ಇಳಿಸೋಣ ಅಂದರೆ ನಾನೂ ಹೂಂ ಅನ್ನುತ್ತೇನೆ.

ಅಂದಹಾಗೆ, ನಿಮ್ಮ ಗಾಡಿಗೆ ಗ್ಯಾಸ್ ಕಿಟ್ ಇದೆಯಾ, ಹಿಂದೆ ಇತ್ತಾ ಅಂತ ನೀವು ಬರೆದಿಲ್ಲ. ಸೆಕೆಂಡ್ ಹ್ಯಾಂಡ್ ಆದರೆ ಡಿಕ್ಕಿಯ ಮ್ಯಾಟ್ ಎತ್ತಿ ಗ್ಯಾಸ್ ಸಿಲಿಂಡರ್ ಕೂರಿಸಿದ್ದ ಬೋಲ್ಟ್ ತೂತು ಇವೆಯಾ ನೋಡಿ, ತಿಳಿಸಿ.