ಮೊದಲು ಪ್ರಶ್ನೆಯೋ, ಮೊದಲು ಪ್ರಶ್ನಾವಳಿಯೋ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಸರ್ಕಾರಿ ಶಾಲೆಯೊಂದರ ಶಿಕ್ಷಕಿ, ಈಗ ಎಂ.ಇಡಿ. ಓದುತ್ತಿದ್ದೇನೆ. ನಲಿಕಲಿ ಕುರಿತ ಡಿಸರ್ಟೇಶನ್‌ಗಾಗಿ ಶಿಕ್ಷಕರಿಗೆಂದು 40 ಅಂಶಗಳ ಪ್ರಶ್ನಾವಳಿ ಸಿದ್ಧಪಡಿಸಿ ಗೈಡ್‌ಗೆ ತೋರಿಸಿದಾಗ, ‘ನಿಮ್ಮ ಪ್ಯಾರಡೈಮ್ (ಸಂಶೋಧನೆಯ ಹಿಂದಿರುವ ಮೂಲ ನಿಲುವು) ಯಾವುದು?’ ಎಂದು ಕೇಳಿದರು. ‘ಪಾಸಿಟಿವಿಸಂ (ವಾಸ್ತವವನ್ನು ಹೊರಗಿನಿಂದ ವಸ್ತುನಿಷ್ಠವಾಗಿ ಅಳೆಯಬಹುದೆಂಬ ನಿಲುವು) ಎಂದು ಬರೆದುಬಿಡಿ, ಸಾಕು’ ಎನ್ನುತ್ತಾರೆ ಸಹಪಾಠಿಗಳು. ಆ ಒಂದು ಪದದಿಂದ ಅಧ್ಯಯನದಲ್ಲಿ ನಿಜವಾಗಿ ಏನಾದರೂ ಬದಲಾಗುತ್ತದೆಯೇ?

ಉತ್ತರ: ಪದ ಬರೆದ ಮಾತ್ರಕ್ಕೆ ಏನೂ ಬದಲಾಗದು. ಆದರೆ ಆ ಪದದ ಹಿಂದಿರುವ ನಿಲುವು ಬದಲಾದರೆ ನೀವು ಯಾವ ಶಾಲೆಗೆ ಹೋಗುತ್ತೀರಿ, ಎಷ್ಟು ದಿನ ಇರುತ್ತೀರಿ, ಯಾರನ್ನು ಮಾತನಾಡಿಸುತ್ತೀರಿ ಎಂಬುದೆಲ್ಲ ಬದಲಾಗುತ್ತದೆ. ಪ್ರಶ್ನಾವಳಿ ತಯಾರಾದ ಮೇಲೆ ಪ್ಯಾರಡೈಮ್ ಹುಡುಕುವುದೆಂದರೆ ಬಟ್ಟೆ ಹೊಲಿದಾದ ಮೇಲೆ ಅಳತೆ ತೆಗೆದುಕೊಂಡಂತೆ.

ಈ ಪದಕ್ಕೆ ಇಂದಿನ ಚಲಾವಣೆ ಬಂದದ್ದು ಥಾಮಸ್ ಕೂನ್ 1962ರಲ್ಲಿ ವಿಜ್ಞಾನದ ಇತಿಹಾಸದ ಬಗ್ಗೆ ಪ್ರಕಟಿಸಿದ ಕೃತಿಯಿಂದ. ಅವರ ಕಣ್ಣಿದ್ದುದು ಭೌತವಿಜ್ಞಾನದಂಥ ಶಾಸ್ತ್ರಗಳ ಮೇಲೆ. ಅಲ್ಲಿ ಹೊಸ ಚೌಕಟ್ಟು ಬಂದಾಗ ಹಳೆಯದು ಜಾಗ ಬಿಡುತ್ತದೆ. ಶಿಕ್ಷಣದಲ್ಲಿ ಯಾವುದೂ ಜಾಗ ಬಿಡಲಿಲ್ಲ, ಎಲ್ಲವೂ ಒಂದೇ ಸೂರಿನಡಿ ಜಗಳವಾಡುತ್ತ ಉಳಿದಿವೆ.

ನಿಮ್ಮ ವಿಷಯವನ್ನೇ ತೆಗೆದುಕೊಳ್ಳೋಣ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಕಾರ್ಡ್ ಪದ್ಧತಿಯ ಪ್ರೇರಣೆಯಿಂದ ಆರಂಭವಾದ ನಲಿಕಲಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಮಗು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ತಲುಪಿದ ಮೆಟ್ಟಿಲನ್ನು ನೋಡಿಕೊಂಡು, ಅದೇ ಚಿತ್ರವಿರುವ ಕಾರ್ಡನ್ನು ಆರಿಸಿ ತನ್ನ ಗುಂಪಿಗೆ ಹೋಗುತ್ತದೆ. ಅಲ್ಲಿ ಮೂರನೆಯ ತರಗತಿಯ ಹುಡುಗಿಯೊಬ್ಬಳು ಪಕ್ಕದ ಪುಟ್ಟನ ಕಿವಿಯಲ್ಲಿ ಉತ್ತರವನ್ನು ಪಿಸುಗುಟ್ಟಿದಳೆನ್ನಿ. ಪಾಸಿಟಿವಿಸಂ ನಿಲುವಿನಿಂದ, ಕಲಿಕೆಯ ಮಟ್ಟವನ್ನು ಅಂಕಗಳಲ್ಲಿ ಅಳೆಯಲು ಬಂದ ಸಂಶೋಧಕಿಗೆ ಆ ಪಿಸುಮಾತು ಒಂದು ದೋಷ. ಮಕ್ಕಳನ್ನು ದೂರದೂರ ಕೂರಿಸದಿದ್ದರೆ ಅವಳ ಅಳತೆಯೇ ಕೆಡುತ್ತದೆ. ಮಕ್ಕಳು ಈ ಪದ್ಧತಿಯನ್ನು ಹೇಗೆ ಅರ್ಥ ಮಾಡಿಕೊಂಡಿದ್ದಾರೆಂದು ತಿಳಿಯಲು ಬಂದವಳಿಗೆ ಅದೇ ಪಿಸುಮಾತು ದತ್ತಾಂಶ, ಬಹುಶಃ ಆ ದಿನದ ಅತ್ಯುತ್ತಮ ದತ್ತಾಂಶ. ಮೊದಲನೆಯವಳು ಹಲವು ಶಾಲೆಗಳನ್ನು ಯಾದೃಚ್ಛಿಕವಾಗಿ ಆಯ್ದು, ಪ್ರತಿ ಶಾಲೆಯಲ್ಲೂ ಒಂದೇ ಪರೀಕ್ಷೆಯನ್ನು ಒಂದೇ ರೀತಿ ನಡೆಸಬೇಕು. ಎರಡನೆಯವಳಿಗೆ ಒಂದೆರಡು ಶಾಲೆ ಸಾಕು, ಆದರೆ ತಿಂಗಳುಗಟ್ಟಲೆ ನೆಲದ ಮೇಲೆ ಮಕ್ಕಳ ಜೊತೆ ಕೂರುವ ತಾಳ್ಮೆ ಬೇಕು.

ಮೊದಲ ದಾರಿಯಲ್ಲಿ ನಿಮಗೊಂದು ತೊಡಕು ಎದುರಾಗುತ್ತದೆ. ‘ನಲಿಕಲಿಯಿಂದ ಕಲಿಕೆ ಹೆಚ್ಚಿತೇ?’ ಎಂಬ ಪ್ರಶ್ನೆಗೆ ಹೋಲಿಕೆಯ ಗುಂಪು ಬೇಕು. 2009–10ರ ಹೊತ್ತಿಗೆ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸತೊಡಗಿದ್ದರಿಂದ, ನಲಿಕಲಿ ಇಲ್ಲದ ಸರ್ಕಾರಿ ಶಾಲೆಯನ್ನು ಎಲ್ಲಿಂದ ತರುವುದು? ಪಕ್ಕದ ಖಾಸಗಿ ಶಾಲೆಯೊಂದಿಗೆ ಹೋಲಿಸಿದರೆ ಕಂಡ ವ್ಯತ್ಯಾಸ ಪದ್ಧತಿಯದೋ, ಮನೆಯ ಆದಾಯದ್ದೋ, ತಾಯಿಯ ಓದಿನದೋ ಎಂದು ಹೇಳಲಾಗದು. ಈ ದೋಷವುಳ್ಳ ಡಿಸರ್ಟೇಶನ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎರಡು ಗುಂಪುಗಳ ಸರಾಸರಿಯ ವ್ಯತ್ಯಾಸವನ್ನು ಪರೀಕ್ಷಿಸುವ ಟಿ-ಮೌಲ್ಯ ಮಾತ್ರ ಎರಡು ದಶಮಾಂಶದವರೆಗೆ ಖಚಿತವಾಗಿರುತ್ತದೆ.

ವಿಮರ್ಶಾತ್ಮಕ ಪ್ಯಾರಡೈಮ್ ಇನ್ನೊಂದು ಬಗೆಯದು. ಕಾರ್ಡಿನ ಕನ್ನಡ ಯಾರ ಮನೆಯ ಕನ್ನಡ, ಜೇನುಕುರುಬರ ಹಾಡಿಯಿಂದ ಬರುವ ಮಗುವಿಗೆ ಏಣಿಯ ಮೊದಲ ಮೆಟ್ಟಿಲೇ ಎತ್ತರವಾಯಿತೇ ಎಂದು ಕೇಳಿ, ಆ ಸ್ಥಿತಿಯನ್ನು ಬದಲಿಸುವುದನ್ನೂ ಅದು ಸಂಶೋಧನೆಯ ಭಾಗವೆಂದೇ ಎಣಿಸುತ್ತದೆ.

ಪ್ರಶ್ನೆ: ಹಾಗಾದರೆ ಅಂಕಗಳಲ್ಲಿ ಅಳೆಯುವುದು, ಜೊತೆಗೆ ಕೂತು ಅರ್ಥ ಮಾಡಿಕೊಳ್ಳುವುದು, ಈ ಎರಡನ್ನೂ ಬೆರೆಸಿ ‘ಮಿಶ್ರ ವಿಧಾನ’ ಎಂದರಾಗದೇ?

ಉತ್ತರ: ಆಗಬಹುದು, ಒಂದು ಬಿಟ್ಟುಹೋದ ಪ್ರಶ್ನೆಯನ್ನು ಇನ್ನೊಂದು ಎತ್ತಿಕೊಳ್ಳುವುದಾದರೆ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರು ಆಂಧ್ರಪ್ರದೇಶದ ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ನಡೆಸಿದ ಪ್ರಯೋಗವನ್ನು ಗಮನಿಸಿ. ಮಕ್ಕಳ ಅಂಕ ಏರಿದರೆ ಶಿಕ್ಷಕರಿಗೆ ಬೋನಸ್ ಎಂದು ಯಾದೃಚ್ಛಿಕವಾಗಿ ಆಯ್ದ 200 ಶಾಲೆಗಳಿಗೆ ತಿಳಿಸಿ, 100 ಶಾಲೆಗಳನ್ನು ಹೋಲಿಕೆಗೆಂದು ಹಾಗೆಯೇ ಉಳಿಸಿಕೊಂಡರು. ಎರಡು ವರ್ಷಗಳ ಕೊನೆಗೆ ಬೋನಸ್ ಶಾಲೆಗಳ ಮಕ್ಕಳು ಗಣಿತದಲ್ಲಿ 0.27, ಭಾಷೆಯಲ್ಲಿ 0.17 ಮಾನಕ ವಿಚಲನೆಯಷ್ಟು (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬುದರ ಅಳತೆ) ಮುಂದಿದ್ದರು. ಆದರೆ ಶಿಕ್ಷಕರ ಹಾಜರಾತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮತ್ತೆ ಅಂಕ ಏರಿದ್ದು ಹೇಗೆ? ಶಾಲಾ ವೇಳೆಯ ಆಚೆ ಪಾಠ ಮಾಡಿದ್ದನ್ನೂ ಅಭ್ಯಾಸ ಪರೀಕ್ಷೆ ಕೊಟ್ಟದ್ದನ್ನೂ ಶಿಕ್ಷಕರು ಸಂದರ್ಶನದಲ್ಲಿ ಹೇಳಿಕೊಂಡರು. ಎಷ್ಟು ಏರಿತೆಂಬುದನ್ನು ಪ್ರಯೋಗ ಹೇಳಿತು. ಹೇಗೆಂಬುದರ ಸುಳಿವು ಮಾತಿನಲ್ಲಿ ಸಿಕ್ಕಿತು. ಪ್ರಶ್ನಾವಳಿಯ ಕೊನೆಗೆ ‘ನಿಮ್ಮ ಅಭಿಪ್ರಾಯ ಬರೆಯಿರಿ’ ಎಂದು ನಾಲ್ಕು ಖಾಲಿ ಗೆರೆ ಬಿಟ್ಟರೆ ಅದು ಮಿಶ್ರ ವಿಧಾನವಾಗದು.

ಶಿಕ್ಷಕಿಯಾದ ನಿಮಗೆ ಇನ್ನೊಂದು ಮಾತು. ನಲಿಕಲಿ ಬಗ್ಗೆ ಶಿಕ್ಷಕರು ‘ಸಂಪೂರ್ಣ ಒಪ್ಪುತ್ತೇನೆ’ ಎಂಬಲ್ಲಿ ಗುರುತು ಹಾಕುತ್ತಾರೋ ಇಲ್ಲವೋ ಎಂಬುದು ನಿಮ್ಮನ್ನು ನಿಜವಾಗಿ ಕಾಡುವ ಪ್ರಶ್ನೆಯೇ? ನಿಮ್ಮ ತರಗತಿಯಲ್ಲಿ ಒಂದೇ ಮೆಟ್ಟಿಲಲ್ಲಿ ವಾರಗಟ್ಟಲೆ ನಿಂತುಬಿಡುವ ಮಗು ಕಾಡುತ್ತಿದ್ದರೆ, ಆ 40 ಅಂಶಗಳನ್ನು ಪಕ್ಕಕ್ಕಿಟ್ಟು, ಅದು ಎಲ್ಲಿ, ಯಾರ ಪಕ್ಕದಲ್ಲಿ, ಯಾವ ಕಾರ್ಡ್ ಹಿಡಿದು ನಿಲ್ಲುತ್ತದೆಂದು ಹದಿನೈದು ದಿನ ಬರೆದಿಟ್ಟು ಗೈಡ್ ಬಳಿಗೆ ಹೋಗಿ. ಅವರ ಪ್ರಶ್ನೆಗೆ ಉತ್ತರ ಆ ನೋಟ್‌ಬುಕ್ಕಿನಲ್ಲೇ ಇರುತ್ತದೆ.